ಇಳಿಜಾರಿನವರನ್ನು ಕೇಳು

ಚಳಿಗೆ ಹೆಪ್ಪುಗಟ್ಟಿದ ನೆಲಕ್ಕೆ ಗುದ್ದಲಿ ಇಳಿಯುವುದಿಲ್ಲ. ಹಾರೆ ಇಳಿಯುವುದಿಲ್ಲ. ಪಿಕಾಸಿ ಹೊಡೆದರೆ ಕಿಡಿ ಹಾರುತ್ತದೆ, ಭುಜದವರೆಗೆ ನಡುಕ ಏರುತ್ತದೆ. ಅಂಥ ನೆಲದಲ್ಲಿ ನಮ್ಮಮ್ಮನಿಗೆ ಗುಂಡಿ ತೋಡಿದವರು ನಾನು ಮತ್ತು ನನ್ನ ದೊಡ್ಡಮ್ಮನ ಮಗ ಎರ್ವಿನ್.

ಅಮ್ಮ ಸತ್ತದ್ದು ಜನವರಿಯಲ್ಲಿ. ನಮ್ಮ ಕಡೆ ಚಳಿಗಾಲದಲ್ಲಿ ಸತ್ತವರನ್ನು ಕೂಡಲೇ ಹೂಳುವುದಿಲ್ಲ. ಸ್ಮಶಾನದ ಬಾಗಿಲಲ್ಲಿ ಕಲ್ಲಿನ ಕೋಣೆಯೊಂದಿದೆ. ಪೆಟ್ಟಿಗೆಗಳನ್ನು ಅದರಲ್ಲಿಟ್ಟು ಬೀಗ ಹಾಕುತ್ತಾರೆ. ಹಿಮ ಕರಗಿ ನೆಲ ಸಡಿಲವಾದ ಮೇಲೆ ಮಣ್ಣು ಮಾಡುತ್ತಾರೆ. ಆ ಕೋಣೆ ಟೌನ್‌ಶಿಪ್ಪಿನದು, ಅಂದರೆ ಊರಾಡಳಿತದ್ದು. ಊರಿನ ರಸ್ತೆ, ಬೆಂಕಿ ಆರಿಸುವ ಲಾರಿ, ಸ್ಮಶಾನ, ಎಲ್ಲವೂ ಟೌನ್‌ಶಿಪ್ಪಿನ ಕೈಯಲ್ಲಿ. ಬೀಗದ ಕೈ ಇಟ್ಟುಕೊಂಡಿದ್ದವನು ಬಾಗಿಲು ತೆರೆಯದೆಯೇ ಒಳಗೆ ಜಾಗವಿಲ್ಲ ಎಂದ. ಹಿಂದಿನ ವಾರವಷ್ಟೇ ಎರ್ವಿನ್ ಕೂಲಿಗೆ ಆ ಬಾಗಿಲ ಹಿಮ ಬಾಚಿದ್ದ, ಒಳಗೆ ಒಂಟಿ ಪೆಟ್ಟಿಗೆ ಇದ್ದದ್ದನ್ನು ಕಂಡಿದ್ದ. ಅದನ್ನೇ ಹೇಳಿದ. ಆ ಮನುಷ್ಯ ಪೂರ್ತಿ ಕೇಳಿಸಿಕೊಂಡು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

"ನಿಮ್ಮೋರ ಜಾಗ ಕೆಳಗಡೆ ಅಲ್ವಾ. ಅಲ್ಲೇ ನೋಡ್ಕೊಳ್ಳಿ."

ಕೆಳಗಡೆ ಎಂದರೆ ಇಳಿಜಾರು. ಗುಡ್ಡದ ಮೇಲೆ ಬಿಳಿಯರ ಕಲ್ಲುಗಳು, ಕತ್ತರಿಸಿದ ಹುಲ್ಲು, ಬೆಂಚುಗಳು. ಹಿಂಬದಿಯ ಇಳಿಜಾರಿನಲ್ಲಿ ನಮ್ಮವರು, ಬಿಳಿಯರಿಗಿಂತ ಮೊದಲೇ ಅಮೆರಿಕದಲ್ಲಿದ್ದ ಒಡಾವಾ ಬುಡಕಟ್ಟಿನವರು. ಗುಡ್ಡದ ನೀರೆಲ್ಲ ಹರಿದು ಬಂದು ನಿಲ್ಲುವ ಜಾಗ. ಮರದ ಶಿಲುಬೆಗಳು ಕೆಲವು ವರ್ಷಕ್ಕೇ ಕೊಳೆತು ಬೀಳುತ್ತವೆ.

ನಾವು ಒಣಗಿದ ಓಕ್ ಮರ ಕಡಿದು ತಂದೆವು. ಹಳೆಯ ಟೈರು ತಂದೆವು. ಹಿಮ ಬಾಚಿ ಬೆಂಕಿ ಹಚ್ಚಿ ಮೇಲೆ ತಗಡು ಮುಚ್ಚಿದೆವು. ಬೆಂಕಿ ತಿಂದಷ್ಟು ನೆಲ ಮೆತ್ತಗಾಗುತ್ತಿತ್ತು. ಅಷ್ಟನ್ನು ಅಗೆದು ತೆಗೆದು ಮತ್ತೆ ಬೆಂಕಿ. ಟೈರಿನ ಹೊಗೆ ಗಂಟಲಲ್ಲಿ ಕೂತಿತು. ಅಂಗೈಯ ಚರ್ಮ ಕೈಗವಸಿಗೆ ಅಂಟಿ ಕಿತ್ತು ಬಂತು. ದೊಡ್ಡಮ್ಮ ಫಿಲೊಮೀನ್ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತು ಸಾವಿನ ಮನೆಯಲ್ಲಿ ಹಾಡುವ ಹಾಡುಗಳನ್ನು ಒಂದಾದ ಮೇಲೊಂದು ಹಾಡಿದಳು. ದೇವರ ಹಾಡುಗಳೇ, ಆದರೆ ನಮ್ಮ ಒಡಾವಾ ಮಾತಿನಲ್ಲಿ. ಉಸಿರು ಹಬೆಯಾಗಿ ಏರುತ್ತಿತ್ತು. ದೇವರಿಗೆ ಕೇಳಿಸಿರಬೇಕು. ರಸ್ತೆಯಲ್ಲಿ ಹೋಗುವವರಿಗಂತೂ ಕೇಳಿಸಿತು. ಕಾರು ನಿಧಾನ ಮಾಡಿ ನೋಡಿಕೊಂಡು ಹೋದರು. ಯಾರೋ ಟೈರು ಸುಡುತ್ತಿದ್ದಾರೆಂದು ದೂರು ಕೊಟ್ಟರು. ಪೊಲೀಸಿನವನು ಬಂದು ದಂಡ ಹಾಕಿದ. ಬರೆಯಲು ಅವನಿಗೊಂದು ಆಸರೆ ಬೇಕಿತ್ತು. ಎರ್ವಿನ್‌ನ ಲಾರಿಯ ಹಿಂಭಾಗದಲ್ಲಿದ್ದ ನಮ್ಮಮ್ಮನ ಪೆಟ್ಟಿಗೆಯ ಮೇಲೆ ಪುಸ್ತಕ ಇಟ್ಟು ಬರೆದ.

ಬೇರೆ ಎಷ್ಟೋ ಮರೆತಿದ್ದೇನೆ. ಅದನ್ನು ಮರೆತಿಲ್ಲ.

ಈಗ ನಮ್ಮವರಿಗೆ ಕ್ಯಾಸಿನೊ ಇದೆ. ಹೆದ್ದಾರಿಯ ಪಕ್ಕದಲ್ಲಿ, ಹೋಟೆಲಿನ ಸಮೇತ. ನಾನು ಅಲ್ಲಿ ಕೋಣೆ ಗುಡಿಸುವವಳು. ಸೋತವರು ಗೋಡೆಗೆ ಗುದ್ದಿರುತ್ತಾರೆ, ಗೆದ್ದವರು ನೆಲಹಾಸಿನ ಮೇಲೆ ಕಕ್ಕಿರುತ್ತಾರೆ. ಎರಡನ್ನೂ ಒರೆಸುವವಳು ನಾನೇ. ಹಾಸಿಗೆಯ ಮೂಲೆ ಎತ್ತಿ ಚಾದರ ಸಿಗಿಸಿ ಸಿಗಿಸಿ ಬಲಗೈ ಮಣಿಕಟ್ಟು ಊದಿಕೊಂಡಿದೆ. ಸಾಬೂನಿನ ಖಾರಕ್ಕೆ ಬೆರಳ ಗೆರೆಗಳು ಸವೆದಿವೆ. ಸಂಬಳ ಬರುತ್ತದೆ, ಕೆಲಸ ನಮ್ಮವರದು. ದೂರುವುದಿಲ್ಲ.

ಜೂಜಿನ ಯಂತ್ರಗಳ ಗಳಿಕೆಯಲ್ಲಿ ಒಂದು ಪಾಲು ಸುತ್ತಲಿನ ಟೌನ್‌ಶಿಪ್ಪುಗಳಿಗೆ, ಶಾಲೆಗಳಿಗೆ ಹೋಗಬೇಕೆಂದು ರಾಜ್ಯದೊಂದಿಗೆ ಒಪ್ಪಂದವಿದೆ. ಅವರು ಅನುದಾನಕ್ಕೆ ಅರ್ಜಿ ಹಾಕುತ್ತಾರೆ. ನಮ್ಮ ಬುಡಕಟ್ಟಿನ ಮಂಡಳಿ ಎಲ್ಲರೆದುರು ಕೂತು ಕೇಳಿ ಕೊಡುತ್ತದೆ. ಬೆಂಕಿ ಆರಿಸುವ ಲಾರಿ ಕೊಟ್ಟಿದ್ದೇವೆ. ಶಾಲೆಯ ಆಟದ ಬಯಲಿಗೆ ದೀಪ ಕೊಟ್ಟಿದ್ದೇವೆ. ಹಿಮ ತಳ್ಳುವ ಲಾರಿ ಕೊಟ್ಟಿದ್ದೇವೆ, ಅದು ಎಲ್ಲ ರಸ್ತೆ ಮುಗಿಸಿ ಕೊನೆಗೆ ನಮ್ಮ ರಸ್ತೆಗೆ ಬರುತ್ತದೆ. ಕೊಟ್ಟದ್ದಕ್ಕೆ ನನಗೆ ಹೊಟ್ಟೆಯುರಿಯಿಲ್ಲ. ಯಾರ ಮನೆ ಹೊತ್ತಿದರೂ ಬೆಂಕಿ ಬೆಂಕಿಯೇ. ಆದರೆ ಲಾರಿಯ ಬಾಗಿಲಿಗೆ ಅಂಟಿಸಿದ್ದ ನಮ್ಮ ಹೆಸರನ್ನು ಅವರು ಉಗುರಿನಲ್ಲಿ ಕೆರೆದು ತೆಗೆದರು. ಕೆರೆದ ಗುರುತು ಈಗಲೂ ಇದೆ.

ಈ ಸಲ ಟೌನ್‌ಶಿಪ್ ಸ್ಮಶಾನಕ್ಕೆ ಹಣ ಕೇಳಿತ್ತು. ಸುತ್ತ ಕಬ್ಬಿಣದ ಬೇಲಿ, ದೊಡ್ಡ ಬಾಗಿಲು, ಹಳೆಯ ಕಲ್ಲುಕೋಣೆಯ ಬದಲು ಹೊಸದು. ಮಂಡಳಿಯದೊಂದು ನಿಯಮವಿದೆ. ಅರ್ಜಿ ಹಾಕಿದವರ ಜೊತೆ ನಮ್ಮವರೊಬ್ಬರು ಎದ್ದು ನಿಂತು ಇದು ನಮಗೂ ಒಳ್ಳೆಯದು ಎನ್ನಬೇಕು. ಆ ಬಾಯಿಯನ್ನು ಹುಡುಕಿಕೊಂಡು ಟೌನ್‌ಶಿಪ್ಪಿನ ಅಧ್ಯಕ್ಷ ಡೇಲ್ ಬ್ರಾಂಟ್ ದೊಡ್ಡಮ್ಮನ ಮನೆಗೆ ಬಂದ. ಸತ್ತವರ ಊಟದ ದಿನ ಬಂದ.

ನವೆಂಬರ್ ಹುಟ್ಟಿದ ಕೂಡಲೇ ನಾವು ಸತ್ತವರಿಗೆ ಬಡಿಸುತ್ತೇವೆ. ಅಂದು ಬಾಗಿಲು ಹಾಕುವ ಹಾಗಿಲ್ಲ. ಯಾರು ಬಂದರೂ ತಟ್ಟೆ ಇಡಬೇಕು, ಬಂದವರ ಜೊತೆ ಸತ್ತವರಲ್ಲಿ ಯಾರೋ ಬಂದಿರುತ್ತಾರೆ. ಜೋಳದ ಸಾರು, ಕಾಡಕ್ಕಿ, ಜಿಂಕೆ ಮಾಂಸ, ಕರಿದ ರೊಟ್ಟಿ. ಬರುವವರು ಸತ್ತವರ ಪಾಲೆಂದು ಚಿಟಿಕೆ ಹೊಗೆಸೊಪ್ಪು ತರುತ್ತಾರೆ. ದೊಡ್ಡಮ್ಮ ಅದನ್ನು ಹಿತ್ತಲ ಬೆಂಕಿಗೆ ಹಾಕಿ ಹೆಸರು ಹೇಳುತ್ತಾಳೆ.

ಡೇಲ್ ಒಳ್ಳೆಯ ಬೂಟು ಹಾಕಿಕೊಂಡು ಹೆಂಡತಿಯ ಜೊತೆ ಬಂದ. ದೊಡ್ಡಮ್ಮ ಸೌಟು ಹಿಡಿದು ನಿಂತಿದ್ದಳು, ಬಾಗಿಲಲ್ಲಿ ಜನ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಹೊಗೆಸೊಪ್ಪಿನ ಗಂಟನ್ನು ಅವನು ಅವಳ ಕೈಗಿಟ್ಟ. ಬಿಳಿಯನೊಬ್ಬ ಸತ್ತವರಿಗೆಂದು ಸೊಪ್ಪು ತಂದನಲ್ಲ ಎಂದು ದೊಡ್ಡಮ್ಮನ ಮುಖ ಅರಳಿತು. ನಾನು ನೋಡಿದೆ. ಸೌಟನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಗಂಟು ಬಿಚ್ಚಿ ಅಷ್ಟನ್ನೂ ಬೆಂಕಿಗೆ ಹಾಕಿ ಬಂದಳು.

ಡೇಲ್ ಊಟ ಮಾಡಿದ. ರೊಟ್ಟಿ ಇನ್ನೊಂದು ಹಾಕಿಸಿಕೊಂಡ. ಬಾಯಿ ಒರೆಸಿಕೊಂಡು ಆಮೇಲೆ ಮಾತು ತೆಗೆದ.

"ಫಿಲೊಮೀನ್, ಹೊಗೆಸೊಪ್ಪು ಕೊಟ್ಟಿದ್ದೀನಿ, ನೀವೂ ತಗೊಂಡಿದ್ದೀರಿ. ಮಂಡಳಿ ಮುಂದೆ ನಮ್ಮ ಪರವಾಗಿ ಎರಡು ಮಾತು ಹೇಳ್ಬೇಕು."

ತಟ್ಟೆಯ ಸದ್ದು ನಿಂತಿತು.

ನಮ್ಮಲ್ಲಿ ಏನಾದರೂ ಕೇಳಬೇಕಾದರೆ ಮೊದಲು ವಿಷಯ ಹೇಳುತ್ತಾರೆ, ಆಮೇಲೆ ಹೊಗೆಸೊಪ್ಪನ್ನು ಚಾಚುತ್ತಾರೆ. ಎದುರಿನವರು ಕೈ ನೀಡಿ ತೆಗೆದುಕೊಂಡರೆ ಒಪ್ಪಿದ ಹಾಗೆ. ಅದರ ಮುಂದೆ ಸಹಿ, ಮೊಹರು ಯಾವುದೂ ದೊಡ್ಡದಲ್ಲ. ಒಪ್ಪದವರು ಬಾಯಿ ಬಿಡಬೇಕಾಗಿಲ್ಲ. ಕೈಯನ್ನು ಕೆಳಗೇ ಬಿಟ್ಟಿರುತ್ತಾರೆ. ಚಾಚಿದವರಿಗೆ ಅಷ್ಟು ಸಾಕು. ಡೇಲ್ ಅದನ್ನು ತಿರುಗಿಸಿ ಮಾಡಿದ್ದ. ಮೊದಲು ಕೊಟ್ಟಿದ್ದ, ಆಮೇಲೆ ಕೇಳಿದ್ದ. ಅದೂ ಯಾರಿಗೂ ಇಲ್ಲವೆನ್ನಬಾರದ ದಿನ. ತಿರುಗಿ ಕೊಡೋಣವೆಂದರೆ ದೊಡ್ಡಮ್ಮನ ಕೈಯಲ್ಲಿ ಸೊಪ್ಪೇ ಇರಲಿಲ್ಲ. ಹೊಗೆಯಾಗಿ ಹೋಗಿತ್ತು.

ಅವನು ಹೋದ ಮೇಲೆ ಎರ್ವಿನ್ ಪಾತ್ರೆ ತೊಳೆಯುತ್ತ, ಯಾರೋ ಇವನಿಗೆ ಹೇಳಿಕೊಟ್ಟಿದ್ದಾರೆ, ಸೊಪ್ಪು ಕೊಟ್ಟುಬಿಟ್ಟರೆ ಬುಡಕಟ್ಟಿನೋರು ಇಲ್ಲ ಅನ್ನೋ ಹಾಗಿಲ್ಲ ಅಂತ, ಎಂದ. ತಟ್ಟೆಯೊಂದನ್ನು ಒರೆಸಿಟ್ಟು, "ತಿಂದಿದ್ದು ನೋಡಿದ್ಯಾ, ವರ್ನಾ. ಇವನ ಜೊತೆ ಬಂದಿದ್ದ ಸತ್ತೋನೂ ಟೌನ್‌ಶಿಪ್ಪಿನೋನೇ ಇರ್ಬೇಕು" ಎಂದ. ನಕ್ಕೆವು. ದೊಡ್ಡಮ್ಮ ನಗಲಿಲ್ಲ.

ಒಂದು ಮಾತು ಹೇಳುವುದೇ ತಾನೆ, ಕಲ್ಲುಕೋಣೆ ಹೊಸದಾದರೆ ನಮ್ಮವರಿಗೂ ಜಾಗವಾದೀತು ಎಂದು ನಾನು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಗುಡ್ಡದ ಮೇಲೆ ಮುರಿಯಿತು. ಎರ್ವಿನ್ ಈಗಲೂ ಸ್ಮಶಾನದ ಹುಲ್ಲು ಕತ್ತರಿಸುವ ಕೂಲಿ ಮಾಡುತ್ತಾನೆ. ಒಂದು ಮಧ್ಯಾಹ್ನ ನನ್ನ ಪಾಳಿ ಮುಗಿಯುವುದನ್ನೇ ಕಾದು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಬೇಲಿ ಬರುವ ಜಾಗಕ್ಕೆ ಗೂಟ ಹೊಡೆದಿದ್ದರು, ಗೂಟದ ತಲೆಗೆ ಕಿತ್ತಳೆ ಬಣ್ಣದ ಪಟ್ಟಿ. ಗೂಟಗಳ ಸಾಲು ಗುಡ್ಡದ ನೆತ್ತಿಯ ಅಂಚಿಗೇ ತಿರುಗಿ ಹೋಗಿತ್ತು. ಇಳಿಜಾರು ಪೂರ್ತಿ ಬೇಲಿಯ ಆಚೆ. ಅಮ್ಮ ಆಚೆ. ಎಲ್ಲರೂ ಆಚೆ.

ಎರ್ವಿನ್ ಅಧ್ಯಕ್ಷನನ್ನು ಕೇಳಿದ್ದನಂತೆ. ಕೆಳಗೆ ಜೌಗು, ಕಬ್ಬಿಣ ನಿಲ್ಲುವುದಿಲ್ಲ ಎಂದನಂತೆ. ಅಷ್ಟಕ್ಕೂ ಆ ಜಾಗ ಸ್ಮಶಾನವೆಂದು ನಕ್ಷೆಯಲ್ಲೇ ಇಲ್ಲ ಎಂದನಂತೆ.

ನಾನು ಬಗ್ಗಿ ಒಂದು ಗೂಟಕ್ಕೆ ಕೈ ಹಾಕಿದೆ. ಎರ್ವಿನ್ ಕೈ ಹಿಡಿದ. ಇರಲಿ, ಎಲ್ಲರೂ ನೋಡಲಿ ಎಂದ.

ನಮ್ಮ ಬೆವರಿನ ಹಣ. ಅದರಲ್ಲಿ ಬೇಲಿ. ಆ ಬೇಲಿ ನಮ್ಮ ಹೆಣಗಳನ್ನು ಹೊರಗಿಡುತ್ತದೆ. ಅದಕ್ಕೆ ನಮ್ಮ ದೊಡ್ಡಮ್ಮ ಎದ್ದು ನಿಂತು ಹೌದು ಎನ್ನಬೇಕು.

ನೇರ ಅವಳ ಮನೆಗೆ ಹೋದೆ. ಅವಳು ಮುಳ್ಳುಹಂದಿಯ ಮುಳ್ಳುಗಳನ್ನು ಬಾಯಲ್ಲಿಟ್ಟು ನೆನೆಸುತ್ತ ತೊಗಟೆಯ ಡಬ್ಬಿಗೆ ಚಿತ್ತಾರವಾಗಿ ಹೊಲಿಯುತ್ತಿದ್ದಳು. ನಾನು ಕೂಗಾಡಿದೆ. ಹೋಗಬೇಡ ಎಂದೆ. ಮೋಸದಿಂದ ಕೊಟ್ಟ ಸೊಪ್ಪಿಗೆ ಮಾತಿನ ಬೆಲೆ ಇಲ್ಲ ಎಂದೆ. ತಂಗಿಯ ಗುಂಡಿಯ ಪಕ್ಕ ಕೂತು ಹಾಡಿದವಳು ನೀನೇ ಅಲ್ಲವೇ ಎಂದೂ ಅಂದೆ. ಅವಳು ಬಾಯಿಂದ ಮುಳ್ಳುಗಳನ್ನು ಒಂದೊಂದಾಗಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಅವನದು ಮೋಸಾನೋ ಪೆದ್ದುತನಾನೋ, ಅದು ಅವನಿಗೆ ಬಿಟ್ಟಿದ್ದು. ತಗೊಂಡ ಕೈ ನಂದು. ಹೋಗ್ತೀನಿ."

ಹೋಗಿ ಏನು ಹೇಳುತ್ತೀ ಎಂದೆ. ಮುಳ್ಳುಗಳು ಮತ್ತೆ ಬಾಯಿಗೆ ಹೋದವು. ಬಾಗಿಲು ಬಡಿದುಕೊಂಡು ಬಂದೆ.

ಅರ್ಜಿ ಕೇಳುವ ಸಭೆ ಡಿಸೆಂಬರಿನಲ್ಲಿ, ಕ್ಯಾಸಿನೊದ ಔತಣದ ಹಾಲಿನಲ್ಲಿ. ಅಂದು ಕೋಣೆ ಗುಡಿಸುವುದು ಬಿಡಿಸಿ ನನ್ನನ್ನು ಕಾಫಿ ಹಾಕಲು ಹಾಕಿದ್ದರು. ಕಪ್ಪು ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ, ಕೈಯಲ್ಲಿ ದೊಡ್ಡ ಕೆಟಲ್. ಎದುರಿಗೆ ಮಂಡಳಿ, ನಡುವೆ ಅಧ್ಯಕ್ಷೆ ಜೋರೀನ್. ಅವಳೂ ಮೊದಲು ನನ್ನ ಜೊತೆ ಚಾದರ ಹಾಸಿದವಳೇ. ಸಾಲು ಕುರ್ಚಿಗಳಲ್ಲಿ ಶಾಲೆಯವರು, ರಸ್ತೆಯವರು, ಟೌನ್‌ಶಿಪ್ಪಿನವರು. ದೊಡ್ಡಮ್ಮ ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು ಡೇಲ್‌ನ ಪಕ್ಕ ಕೂತಿದ್ದಳು. ಅವನ ಪಕ್ಕ.

ಡೇಲ್ ಎದ್ದು ಮಾತಾಡಿದ. ಗೌರವ ಎಂದ. ಹಿರಿಯರು ಎಂದ. ಎಲ್ಲರ ಪೂರ್ವಜರು ಎಂದ. ಗೋಡೆಯ ಮೇಲೆ ಚಿತ್ರ ಬಿತ್ತು. ಕಪ್ಪು ಕಬ್ಬಿಣದ ಬೇಲಿ, ಕಮಾನಿನ ಬಾಗಿಲು, ಬೇಲಿಯ ಹಿಂದೆ ಹಸಿರು ಹುಲ್ಲು. ಇಳಿಜಾರಿಗೆ ಹಸಿರು ಬಣ್ಣ ಬಳಿದಿದ್ದರು. ಒಂದೂ ಶಿಲುಬೆ ಇರಲಿಲ್ಲ.

ನಾನು ಸಾಲಿನಲ್ಲಿ ಕಾಫಿ ಹಾಕುತ್ತ ಬರುತ್ತಿದ್ದೆ. ಅವನು ಕೂತು, ನನ್ನ ಕಡೆ ನೋಡದೆ ಕಪ್ಪು ಚಾಚಿದ. ನಾನು ಚಿತ್ರ ನೋಡುತ್ತಿದ್ದೆ. ಅಮ್ಮನ ಜಾಗ ಎಲ್ಲಿ ಬರುತ್ತದೆಂದು ಹುಡುಕಿದೆ. ಹಸಿರು. ಮಣಿಕಟ್ಟು ನೋಯುತ್ತಿತ್ತು. ಕೆಟಲ್ ಬಗ್ಗಿಸಲಿಲ್ಲ. ಅವನು ಕಪ್ಪು ಅಲ್ಲಾಡಿಸಿದ. ಆಮೇಲೆ ಮುಖ ಎತ್ತಿದ.

"ಕಾಫಿ."

"ಇಲ್ಲ," ಎಂದೆ.

"ಖಾಲಿಯಾಯ್ತಾ?"

"ತುಂಬಿದೆ."

ನನ್ನ ಮೇಲ್ವಿಚಾರಕಿ ಬಾಗಿಲ ಬಳಿಯಿಂದ ಕಣ್ಣು ಬಿಟ್ಟಳು. ಕೆಲಸ ಹೋಯಿತೆಂದುಕೊಂಡೆ. ಹೋಗಲಿ. ಕೆಟಲನ್ನು ಅವನ ಕೈಗೆ ಎಟುಕದ ಹಾಗೆ ಮೇಜಿನ ಆ ತುದಿಗಿಟ್ಟು ಅಲ್ಲೇ ನಿಂತೆ.

ಆಗ ಜೋರೀನ್ ಫಿಲೊಮೀನ್ ಎಂದು ಕರೆದಳು. ದೊಡ್ಡಮ್ಮ ಕುರ್ಚಿಯ ಬೆನ್ನು ಹಿಡಿದು ಎದ್ದಳು. ಮೈಕು ಬೇಡವೆಂದಳು. ಅವಳದು ಹಾಡಿ ಹಾಡಿ ಗಟ್ಟಿಯಾದ ದನಿ.

"ಇವನು ಹೊಗೆಸೊಪ್ಪು ಕೊಟ್ಟ. ನಾನು ತಗೊಂಡೆ. ಸುಳ್ಳು ಹೇಳಲ್ಲ."

ಡೇಲ್ ನಕ್ಕು ತಲೆಯಾಡಿಸಿದ.

"ಆದ್ರೆ ಅವತ್ತು ಸತ್ತೋರ ಊಟ. ಏನು ಕೇಳ್ತೀನಿ ಅಂತ ಇವನು ಬಾಯಿ ಬಿಡೋಕೆ ಮುಂಚೆ ಅದನ್ನ ಅವರಿಗೆ ಹಾಕ್ಬಿಟ್ಟೆ. ಹೆಸರು ಹೇಳೇ ಹಾಕಿದ್ದು. ಈಗ ಸೊಪ್ಪು ಅವರ ಹತ್ರ ಇದೆ, ನನ್ನ ಹತ್ರ ಇಲ್ಲ. ಅವರು ಇಸ್ಕೊಂಡಿದ್ದಕ್ಕೆ ನಾನು ಹೌದು ಅನ್ನೋಕಾಗಲ್ಲ. ಇವನು ಇಳಿಜಾರಿಗೆ ಬರ್ಲಿ. ಬೇಲಿ ಎಲ್ಲಿ ಹಾಕ್ತೀನಿ ಅಂತ ಅವರ ಮುಂದೆ ಹೇಳ್ಲಿ. ಹೇಳಿ ಕೇಳ್ಲಿ."

ಹಿಂದಿನ ಕುರ್ಚಿಗಳಲ್ಲಿ ಯಾರೋ ಕಿಸಕ್ಕೆಂದರು. ಡೇಲ್ ಎದ್ದ. ಈ ಮಾತಿಗೆಲ್ಲ ತನಗೆ ಗೌರವವಿದೆ, ಆದರೆ ಕೆಳಗಿನ ಜಾಗದಲ್ಲಿ ಯಾರಿದ್ದಾರೆ ಎನ್ನುವುದಕ್ಕೆ ಟೌನ್‌ಶಿಪ್ಪಿನಲ್ಲಿ ಯಾವ ದಾಖಲೆಯೂ ಇಲ್ಲ ಎಂದ. ಹಾಗೆ ನೋಡಿದರೆ ಅಲ್ಲಿ ಯಾರೂ ಇಲ್ಲದೆಯೂ ಇರಬಹುದು ಎಂದ.

"ಒಬ್ಬಳಿದ್ದಾಳೆ," ಎಂದೆ. ಸಭೆಯಲ್ಲಿ ಕಾಫಿ ಹಾಕುವವರು ಮಾತಾಡುವ ಹಾಗಿಲ್ಲ. ಎಲ್ಲರೂ ತಿರುಗಿದರು. "ನಾನೇ ಇಟ್ಟಿದ್ದು. ನಿಮ್ಮ ಕೋಣೇಲಿ ಜಾಗ ಇಲ್ಲ ಅಂದ್ರಲ್ಲ, ಆವಾಗ. ನೆಲ ಸುಟ್ಟು ಇಟ್ಟೆ. ದಾಖಲೆ ಬೇಕಾದ್ರೆ ಪೊಲೀಸಿನೋರನ್ನ ಕೇಳಿ. ಟೈರು ಸುಟ್ಟಿದ್ದಕ್ಕೆ ನಮಗೆ ದಂಡ ಹಾಕಿದ್ದಾರೆ, ಅವಳ ಪೆಟ್ಟಿಗೆ ಮೇಲಿಟ್ಟು ಬರೆದಿದ್ದಾರೆ."

ಮಂಡಳಿಯ ಲಾಯರು ಜೋರೀನ್‌ಳ ಕಿವಿಯಲ್ಲಿ ಏನೋ ಹೇಳಿದ. ನಿಯಮದ ಪ್ರಕಾರ ಹೀಗೆಲ್ಲ ಮಾಡಬಹುದೇ ಎಂದಿರಬೇಕು. ಜೋರೀನ್ ಎಲ್ಲರಿಗೂ ಕೇಳಿಸುವ ಹಾಗೇ ಉತ್ತರ ಕೊಟ್ಟಳು.

"ನಮ್ಮೋರೊಬ್ರು ಪರವಾಗಿ ನಿಲ್ಬೇಕು ಅಂತ ನಿಯಮ ಇದೆ. ಬದುಕಿರ್ಬೇಕು ಅಂತ ಎಲ್ಲೂ ಇಲ್ಲ."

ಟೌನ್‌ಶಿಪ್ಪಿನ ಅರ್ಜಿಯನ್ನು ಪಕ್ಕಕ್ಕಿಟ್ಟಳು. ಅಧ್ಯಕ್ಷರು ಇಳಿಜಾರಿಗೆ ಹೋಗಿ ಕೇಳಿ ಬಂದ ಮೇಲೆ ತೆಗೆಯುತ್ತೇವೆ ಎಂದಳು. ಮುಂದಿನ ಅರ್ಜಿ ಶಾಲೆಯ ಬಸ್ಸಿನದು. ನಾನು ಕೆಟಲ್ ಎತ್ತಿಕೊಂಡು ಶಾಲೆಯವರಿಗೆ ಕಾಫಿ ಹಾಕಿದೆ.

ಡೇಲ್ ಬರುವುದಿಲ್ಲವೆಂದು ಎರ್ವಿನ್ ಬಾಜಿ ಕಟ್ಟಿದ. ಬಂದ. ಹಣ ಬೇಕಿತ್ತು. ಬರದೆ ಏನು ಮಾಡುತ್ತಾನೆ.

ಶನಿವಾರ ಬೆಳಿಗ್ಗೆ, ಮೊಣಕಾಲುದ್ದ ಹಿಮ. ಇಳಿಜಾರು ಬೆಳ್ಳಗೆ, ಸಪಾಟಾಗಿ ಮಲಗಿತ್ತು. ಶಿಲುಬೆಗಳೆಲ್ಲ ಮುಚ್ಚಿಹೋಗಿದ್ದವು. ದೊಡ್ಡಮ್ಮ ಅದೇ ಥರದ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ನಾನು, ಎರ್ವಿನ್, ಜೋರೀನ್. ಡೇಲ್ ಗೂಟಗಳ ಸಾಲು ದಾಟಿ, ಮುಗ್ಗರಿಸುತ್ತ ಇಳಿದು ಬಂದ. ಕೈಯಲ್ಲಿ ಕೆಂಪು ಬಟ್ಟೆಯ ಹೊಸ ಗಂಟು. ಬಂದು ನಮ್ಮೆದುರು ನಿಂತು ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

"ನೀನು ನಿಂತಿರೋದು ನಮ್ಮಮ್ಮನ ಮೇಲೆ," ಎಂದೆ. "ಆಚೆ ಸರಿ."

ಅವನು ಕಾಲ ಕೆಳಗೆ ನೋಡಿಕೊಂಡ. ಹಿಮ ಬಿಟ್ಟರೆ ಏನೂ ಇರಲಿಲ್ಲ. ಪಕ್ಕಕ್ಕೆ ಸರಿದ.

"ಅಲ್ಲಿ ನಮ್ಮ ತಾತ," ಎಂದ ಎರ್ವಿನ್. "ಅವನಿಗೆ ಬೂಟು ಹಾಕ್ಕೊಂಡು ಹಾಸಿಗೆ ತುಳಿಯೋರನ್ನ ಕಂಡ್ರೆ ಆಗ್ತಿರ್ಲಿಲ್ಲ."

ಡೇಲ್ ಹಿಂದಕ್ಕೆ ಹೆಜ್ಜೆ ಇಟ್ಟ.

"ಅಲ್ಲಿ ನನ್ನ ಕೂಸು," ಎಂದಳು ದೊಡ್ಡಮ್ಮ. "ಹೆಸರಿಡೋಕೆ ಮುಂಚೆ ಹೋಯ್ತು."

ನನಗೆ ಅದು ಗೊತ್ತಿರಲಿಲ್ಲ. ಎರ್ವಿನ್‌ಗೂ ಗೊತ್ತಿರಲಿಲ್ಲ. ಅವನು ತಾಯಿಯ ಮುಖವನ್ನೇ ನೋಡುತ್ತ ನಿಂತುಬಿಟ್ಟ.

ಡೇಲ್ ಹಿಂದಕ್ಕೆ ಹಿಂದಕ್ಕೆ ಏರಿದ. ಅವನು ಕಾಲಿಟ್ಟಲ್ಲೆಲ್ಲ ದೊಡ್ಡಮ್ಮ ಒಂದು ಹೆಸರು ಹೇಳಿದಳು. ಸಾವಿನ ಮನೆಯಲ್ಲಿ ಹಾಡುವ ಅದೇ ದನಿ, ಆತುರವಿಲ್ಲ, ಸಿಟ್ಟಿಲ್ಲ. ಗೂಟಗಳ ಸಾಲು ಬಂತು. ಅವನು ಅದನ್ನೂ ದಾಟಿ ಮೇಲೆ ಹೋಗಿ ನಿಂತು ಉಸಿರು ಬಿಟ್ಟ. ಬೆನ್ನಿಗೆ ನುಣುಪಾದ ದೊಡ್ಡ ಕಲ್ಲು ತಾಗಿತು. ಕಲ್ಲಿನ ಮೇಲೆ ಬ್ರಾಂಟ್ ಎಂದು ಕೆತ್ತಿತ್ತು. ಅವನ ಮನೆಯವರದೇ.

"ಅಲ್ಲೂ," ಎಂದಳು ದೊಡ್ಡಮ್ಮ.

ಅವನು ಕಲ್ಲಿನ ಕಡೆ ತಿರುಗಿ ನೋಡಿದ.

"ನಿಮ್ಮೋರು ಗುಡ್ಡ ಸಮ ಮಾಡಿದಾಗ ನಾನು ಹುಡುಗಿ. ನಮ್ಮೋರ ಎಲುಬು ಬಂದ್ವು. ನಮ್ಮಪ್ಪ ಗೋಣಿಚೀಲದಲ್ಲಿ ತುಂಬಿ ಕೆಳಗೆ ತಂದ. ಸಿಕ್ಕಿದ್ದಷ್ಟು ತಂದ. ಸಿಗದೇ ಇದ್ದೋರು ಅಲ್ಲೇ ಇದಾರೆ, ನಿಮ್ಮಜ್ಜನ ಕೆಳಗೆ." ಅವಳು ಕೋಟಿನ ಮೇಲಿನ ಹಿಮ ಕೊಡವಿಕೊಂಡಳು. "ಈಗ ಹೇಳು, ಬೇಲಿ ಎಲ್ಲಿ ಹಾಕ್ತೀಯ? ಹೇಳಿ ಕೇಳು."

ಡೇಲ್ ಈ ಸಲವೂ ಕೇಳದೆಯೇ, ಮೇಲಿನಿಂದಲೇ ಕೆಂಪು ಬಟ್ಟೆಯ ಗಂಟನ್ನು ನಮ್ಮ ಕಡೆ ಚಾಚಿದ. ಜೋರೀನ್‌ಳ ಕಡೆ ಚಾಚಿದ, ಎರ್ವಿನ್‌ನ ಕಡೆ ಚಾಚಿದ, ನನ್ನ ಕಡೆ ಚಾಚಿದ. ಗಾಳಿಗೆ ಬಟ್ಟೆಯ ತುದಿ ಹಾರಾಡುತ್ತಿತ್ತು.

ನಮ್ಮ ಕೈಗಳು ಕೆಳಗೇ ಇದ್ದವು.